ವಯನಾಡಿಂದ ಬಂದ್ಮೇಲೆ ಅಣ್ಣ ಮೊದಲಿನ ಹಾಗಿಲ್ಲ, ಏನ್ ಮಾಡೋದು?

ಹಾಸನದ_ತಂಗಿ:
ನಮ್ಮಣ್ಣ ಎನ್‌ಡಿಆರ್‌ಎಫ್‌ನಲ್ಲಿದಾನೆ, ಅದೇ ದುರಂತ ಆದಲ್ಲಿ ರಕ್ಷಣೆಗೆ ಹೋಗೋ ಕೇಂದ್ರದ ಪಡೆ. 2024ರ ಜುಲೈ 30ಕ್ಕೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸೀತಲ್ಲ, ಅಲ್ಲಿಗೆ ಹೋಗಿದ್ದ. ಚಾಲಿಯಾರ್ ಹೊಳೆ ದಂಡೇಲಿ ಎಷ್ಟೋ ಕಡೆ ಬರೀ ಕೈಯೋ ಕಾಲೋ ಸಿಗ್ತಿತ್ತಂತೆ, ಇದನ್ನೂ ಅವನು ಹೇಳಿದ್ದಲ್ಲ, ಜೊತೆಯವರು ಅತ್ತಿಗೆ ಹತ್ರ ಹೇಳಿದ್ದು. ಈಗ ರಜಕ್ಕೆ ಬಂದ್ರೂ ಮಾತೇ ಇಲ್ಲ, ಮಳೆ ಜೋರಾದ್ರೆ ರಾತ್ರಿಯೆಲ್ಲ ಹಜಾರದಲ್ಲಿ ಕೂತಿರ್ತಾನೆ, ಬಾಡೂಟ ಅಂದ್ರೆ ಪ್ರಾಣ ಬಿಡ್ತಿದ್ದವ್ನು ಮಟನ್ ತೊಳೆಯೋದು ಕಂಡ್ರೆ ಎದ್ದು ಹೋಗ್ತಾನೆ. ಅಮ್ಮ ದೃಷ್ಟಿ ತೆಗೀತಿದಾರೆ. ಡಾಕ್ಟರ್ ಅಂದ್ರೆ "ನಂಗೇನ್ ಹುಚ್ಚಾ" ಅಂತ ರೇಗ್ತಾನೆ.

ಕುಡ್ಲದ_ಡ್ರೈವರ್:
ತಂಗೀ, 2010ರ ಮೇ 22ಕ್ಕೆ ಮಂಗಳೂರಲ್ಲಿ ವಿಮಾನ ಬಿತ್ತಲ್ಲ, 158 ಜನ ಹೋದ್ರು, ಉಳಿದದ್ದು 8 ಮಂದಿ. ಆವತ್ತು ನಾನು ಆಂಬುಲೆನ್ಸ್ ಓಡಿಸ್ತಿದ್ದೆ. ಕೆಲಸ ಮಾಡುವಾಗ ಏನೂ ಆಗುದಿಲ್ಲ ಮಾರಾಯ್ತಿ, ಕೈಕಾಲು ಅದರಷ್ಟಕ್ಕೆ ಓಡ್ತದೆ. ಆಮೇಲೆ ಮನೇಲಿ ಪಲ್ಯ ಚೂರು ಸೀದು ಹೋದ್ರೂ ಸಾಕು, ಮೈ ಬೆವರಿ ಅನ್ನ ಬಿಟ್ಟು ಏಳ್ತಿದ್ದೆ. ಹೆಂಡತಿ ಏನಾಯ್ತು ಅಂತ ಕೇಳ್ಲಿಲ್ಲ, ಸುಮ್ನೆ ಜೊತೇಲಿ ಹೊರಗೆ ಬಂದು ಕೂತ್ಕೊಳ್ತಿದ್ಲು. ಅದರಿಂದ ನಂಗೆ ತುಂಬ ಉಪಕಾರ ಆಗಿದೆ.

ನರ್ಸ್_ಶಿವಮೊಗ್ಗ:
ನಾನು ಮಾನಸಿಕ ವಿಭಾಗದಲ್ಲಿ ಕೆಲಸ ಮಾಡ್ತೀನಿ. ಅಲ್ಲಿ ಏನ್ ನೋಡ್ದೆ ಹೇಳು ಹೇಳು ಅಂತ ದಯವಿಟ್ಟು ಕೆದಕ್ಬೇಡಿ, ಬಲವಂತವಾಗಿ ಹೇಳಿಸಿದ್ರೆ ಕೆಲವರಿಗೆ ಇನ್ನೂ ಜಾಸ್ತಿ ಆಗುತ್ತೆ. ಮೊದಮೊದಲು ನಿದ್ದೆ ಕೆಡೋದು ಸಹಜ, ಆದ್ರೆ ತಿಂಗಳು ದಾಟಿದ್ರೂ ಹೀಗೇ ಇದ್ರೆ ಪಿಟಿಎಸ್‌ಡಿ (ಆಘಾತ ಆದ್ಮೇಲೂ ಉಳಿಯೋ ಮಾನಸಿಕ ತೊಂದರೆ) ಇರಬಹುದು, ಡಾಕ್ಟರ್ ನೋಡ್ಲೇಬೇಕು, ಇದಕ್ಕೆ ಚಿಕಿತ್ಸೆ ಇದೆ. ಕುಡಿಯೋದು ಹೆಚ್ಚಾಗಿದ್ಯಾ ಗಮನಿಸಿ. ಸಾಯೋ ಮಾತು ಬಂದ್ರೆ ಮಾತ್ರ ಒಬ್ಬನ್ನೇ ಬಿಡ್ಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು, ಹಗಲು ರಾತ್ರಿ ಯಾವಾಗಾದ್ರೂ.

ಮಾಜಿ_ಜವಾನ:
"ಹುಚ್ಚಾ" ಅನ್ನೋದಕ್ಕೆ ಒಂದ್ ಮಾತು. 2023ರ ಜೂನ್‌ನಲ್ಲಿ ಬಾಲಸೋರ್ ರೈಲು ದುರಂತ ಆದ್ಮೇಲೆ ಎನ್‌ಡಿಆರ್‌ಎಫ್ ಮುಖ್ಯಸ್ಥರಾಗಿದ್ದ ಅತುಲ್ ಕರವಾಲ್ ಅವರೇ ಎಲ್ಲರೆದುರು ಹೇಳಿದ್ರು, ಅಲ್ಲಿ ಕೆಲಸ ಮಾಡಿದ ಒಬ್ಬ ಜವಾನನಿಗೆ ನೀರು ಕಂಡ್ರೆ ರಕ್ತದ ಹಾಗೆ ಕಾಣ್ತಿದೆ, ಇನ್ನೊಬ್ಬನಿಗೆ ಹಸಿವೇ ಆಗ್ತಿಲ್ಲ ಅಂತ. ಅವರೂ ಇವನ ಹಾಗೇ ಟ್ರೈನಿಂಗ್ ಆದೋರೇ ತಾನೆ? ಆ ಸುದ್ದಿ ಕಳಿಸಿ ಅವನಿಗೆ, ನೀವೇನೂ ಬರೀಬೇಡಿ.

ಹಾಸನದ_ತಂಗಿ:
ಕಳಿಸಿದೆ. ಓದಿದಾನೆ, ಏನೂ ಅಂದಿಲ್ಲ, ಆದ್ರೆ ರೇಗ್ಲೂ ಇಲ್ಲ. 14416ಕ್ಕೆ ಮನೆಯವರು ಫೋನ್ ಮಾಡ್ಬಹುದಾ?

ನರ್ಸ್_ಶಿವಮೊಗ್ಗ:
ಧಾರಾಳವಾಗಿ ಮಾಡಿ. ಅತ್ತಿಗೇನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಅವರಿಗೂ ಕೇಳೋದು ಇರುತ್ತೆ.