ಗ್ರಹಣದ ದಿನ ಈರುಳ್ಳಿ ಹೆಚ್ಚಿದ್ದಕ್ಕೆ ಮಗುವಿಗೆ ಸೀಳುತುಟಿ ಆಯಿತೇ?

ಪ್ರಶ್ನೆ (ಹಾವೇರಿ ಕಡೆಯ ತಾಯಿ): ಡಾಕ್ಟ್ರೇ, 2026ರ ಜನವರಿ ಎರಡನೇ ವಾರ ನನಗೆ ಗಂಡುಮಗು ಆಯಿತು. ತಿಂಗಳು ತುಂಬಿಯೇ ಹೆರಿಗೆ. ಆದರೆ ಮೇಲ್ತುಟಿ ಎಡಗಡೆ ಸೀಳಿದೆ, ಅಂಗುಳವೂ ತೆರೆದಿದೆ. ಹೋದ ಸೆಪ್ಟೆಂಬರ್ 7ರ ಚಂದ್ರಗ್ರಹಣದ ದಿನ ವೇಧ ಹಿಡಿದ ಮೇಲೆ ನಾನು ಈಳಿಗೆಮಣೆ ಮುಂದೆ ಕೂತು ಈರುಳ್ಳಿ ಹೆಚ್ಚಿದ್ದೆ. ಅತ್ತೆ ಆಗಲೇ ಬೈದಿದ್ದರು. ಈಗ ಮಗು ನೋಡೋಕೆ ಬಂದವರೆಲ್ಲ ಅದನ್ನೇ ಎತ್ತುತ್ತಾರೆ. ಡಿಗ್ರಿ ಓದಿದವಳು ನಾನು, ನಂಬಬಾರದು ಅಂತ ಗೊತ್ತು. ಆದರೂ ರಾತ್ರಿ ಹಾಲು ಕುಡಿಸುವಾಗ ಅದೇ ತಲೆ ಕೊರೆಯುತ್ತೆ. ನಿಜವಾದ ಕಾರಣ ಏನು?

ಉತ್ತರ (ಮಕ್ಕಳ ತಜ್ಞೆ): ಮೊದಲು ಕ್ಯಾಲೆಂಡರ್ ತೆಗೆಯಿರಿ. ಜನವರಿ ಎರಡನೇ ವಾರಕ್ಕೆ ತಿಂಗಳು ತುಂಬಿದೆ ಎಂದರೆ ಗರ್ಭ ನಿಂತದ್ದು ಏಪ್ರಿಲ್ ಮೂರನೇ ವಾರದ ಸುಮಾರಿಗೆ. ನನ್ನದು, ನಿಮ್ಮದು, ನಿಮ್ಮ ಅತ್ತೆಯದು, ಎಲ್ಲರ ತುಟಿಯೂ ಶುರುವಿನಲ್ಲಿ ಬೇರೆ ಬೇರೆ ಭಾಗಗಳಾಗಿಯೇ ಇರುತ್ತೆ. ಗರ್ಭ ನಿಂತ ನಾಲ್ಕರಿಂದ ಏಳನೇ ವಾರದೊಳಗೆ ಅವು ಬೆಸೆದುಕೊಳ್ಳುತ್ತವೆ. ನಿಮ್ಮ ಲೆಕ್ಕದಲ್ಲಿ ಅದು ಜೂನ್ ಮೊದಲ ಭಾಗಕ್ಕೇ ಮುಗಿದಿದೆ. ಅಂಗುಳ ಕೂಡುವುದು ಹನ್ನೆರಡನೇ ವಾರದೊಳಗೆ, ಅಂದರೆ ಜುಲೈ ಮಧ್ಯದ ಹೊತ್ತಿಗೆ. ಗ್ರಹಣ ಬಂದದ್ದು ಅದಾಗಿ ಸುಮಾರು ಎರಡು ತಿಂಗಳಿಗೆ.

ಗ್ರಹಣ ಜೂನ್‌ನಲ್ಲೇ ಬಂದಿದ್ದರೂ ನನ್ನ ಉತ್ತರ ಬೇರೆಯಾಗುತ್ತಿರಲಿಲ್ಲ. ಅವಳಿ ಮಕ್ಕಳನ್ನು ನೋಡಿ. ಒಂದೇ ಗರ್ಭ, ಒಂದೇ ಊಟ, ಒಂದೇ ಗ್ರಹಣ. ರೂಪ ಬೇರೆ ಇರುವ ಅವಳಿಗಳಲ್ಲಿ ಒಂದಕ್ಕೆ ಸೀಳುತುಟಿ ಇದ್ದರೆ ಇನ್ನೊಂದಕ್ಕೆ ಬಹುಪಾಲು ಇರುವುದಿಲ್ಲ. ವಂಶವಾಹಿಗಳು ಪೂರ್ತಿ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲೂ ಹೆಚ್ಚುಕಡಿಮೆ ಅರ್ಧ ಜೋಡಿಗಳಲ್ಲಿ ಒಂದಕ್ಕೆ ಮಾತ್ರ ಇರುತ್ತೆ. ಹಾಗಾಗಿ ವಂಶವಾಹಿಯ ಪಾಲು ದೊಡ್ಡದು, ಆದರೆ ಅದೊಂದೇ ಅಲ್ಲ. ಹತ್ತಾರು ವಂಶವಾಹಿಗಳ ಸಣ್ಣ ಸಣ್ಣ ಪ್ರಭಾವ, ಗರ್ಭದ ಸುತ್ತಲಿನ ಕೆಲವು ಸಂಗತಿ, ಜೊತೆಗೆ ಬರೀ ಆಕಸ್ಮಿಕ. ಜಗತ್ತಿನಲ್ಲಿ ಸುಮಾರು 700 ಹೆರಿಗೆಗೆ ಒಂದರಂತೆ ಇದು ಆಗುತ್ತೆ. ಗ್ರಹಣಕ್ಕೆ ಯಾರೂ ತಲೆಕೆಡಿಸಿಕೊಳ್ಳದ ದೇಶಗಳಲ್ಲೂ.

ಅದೇ ತಾಯಿ: ಅತ್ತೆಗೆ ಈ ಲೆಕ್ಕ ಓದಿ ಹೇಳಿದೆ. ‘ಹಂಗಾರೆ ನಿನ್ನ ತವರಿನ ರಕ್ತ’ ಅಂದರು!

ಉತ್ತರ: ಇದು ಬರುತ್ತೆ ಅಂತ ಗೊತ್ತಿತ್ತು. ಚಂದ್ರನನ್ನು ಬಿಟ್ಟರೆ ವಂಶ, ಒಟ್ಟಿನಲ್ಲಿ ಸೊಸೆಯ ಮೇಲೇ. ಮಗುವಿನ ವಂಶವಾಹಿಗಳಲ್ಲಿ ಅರ್ಧ ಅವರ ಮಗನವು. ಇಂಥ ಮಕ್ಕಳ ಹೆಚ್ಚಿನ ಮನೆಗಳಲ್ಲಿ ಹಿಂದೆ ಯಾರಿಗೂ ಇದು ಇರುವುದೇ ಇಲ್ಲ. ಒಂದು ಮಾತ್ರ ನೋಡಿ: ನಿಮ್ಮ ಅಥವಾ ಯಜಮಾನರ ಕೆಳತುಟಿಯಲ್ಲಿ, ಇಲ್ಲವೇ ಮಗುವಿನ ಕೆಳತುಟಿಯಲ್ಲಿ, ಸಣ್ಣ ಗುಳಿಗಳಿವೆಯೇ? ಇದ್ದರೆ ಅದು ಒಂದೇ ವಂಶವಾಹಿಯಿಂದ ಬರುವ ಬೇರೆ ಬಗೆ. ಗುಳಿ ನಿಮ್ಮಿಬ್ಬರಲ್ಲಿ ಒಬ್ಬರಿಗಿದ್ದರೆ ಆ ವಂಶವಾಹಿ ಮುಂದಿನ ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಯಾರಿಗೂ ಗುಳಿ ಇಲ್ಲದಿದ್ದರೆ ಮುಂದಿನ ಮಗುವಿಗೆ ಸೀಳುತುಟಿ ಬರುವ ಸಾಧ್ಯತೆ 100ಕ್ಕೆ 3ರಿಂದ 5ರಷ್ಟು.

ಇನ್ನೊಬ್ಬ ತಾಯಿ: ಮೇಡಂ, ನನ್ನ ಮಗಳಿಗೂ ಹೀಗೇ ಇತ್ತು. ನಾನು ಫಿಟ್ಸ್ ಮಾತ್ರೆ ತಗೋತಿದ್ದೆ, ವಾಲ್ಪ್ರೋಯೇಟ್. ನನ್ನ ವಿಷಯದಲ್ಲಿ ತಪ್ಪು ನನ್ನದೇ ಅಲ್ವಾ?

ಉತ್ತರ: ಈ ಪ್ರಶ್ನೆಗೆ ಸುಮ್ಮನೆ ‘ಇಲ್ಲಮ್ಮ’ ಅಂತ ಸಮಾಧಾನ ಹೇಳಿದರೆ ನೀವೂ ನಂಬಲ್ಲ. ವಾಲ್ಪ್ರೋಯೇಟ್, ಟೋಪಿರಾಮೇಟ್, ಫೆನಿಟಾಯಿನ್ ಈ ಅಪಾಯವನ್ನು ಹೆಚ್ಚಿಸುತ್ತವೆ, ಅದು ನಿಜ. ನಿಮ್ಮ ಮಗಳಲ್ಲಿ ಅದರಿಂದಲೇ ಆಯಿತೋ ಅಂತ ಖಚಿತವಾಗಿ ಹೇಳಲು ಬರುವುದಿಲ್ಲ. ಆದರೆ ಮಾತ್ರೆ ತಟಕ್ಕನೆ ನಿಲ್ಲಿಸಿ ಬಸಿರಿನಲ್ಲಿ ಫಿಟ್ಸ್ ಬಂದಿದ್ದರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತಾಗಬಹುದಿತ್ತು. ಬರೆದುಕೊಟ್ಟ ಮಾತ್ರೆಯನ್ನು ಹೇಳಿದಂತೆ ನುಂಗಿದ್ದೀರಿ. ಗರ್ಭಕ್ಕೆ ಮುಂಚೆಯೇ ಬದಲಿ ಔಷಧಿಯ ಬಗ್ಗೆ ಮಾತಾಡಬೇಕಾದದ್ದು ಡಾಕ್ಟರುಗಳಾದ ನಮ್ಮ ಕೆಲಸ. ಇನ್ನೊಂದು ಮಗು ಬೇಕೆಂದಿದ್ದರೆ ಈಗಲೇ ನರರೋಗ ತಜ್ಞರನ್ನು ಕಾಣಿ, ನೀವಾಗಿ ಯಾವ ಮಾತ್ರೆಯನ್ನೂ ಬಿಡಬೇಡಿ.

ಮನೆಯೊಳಗಿನ ಬೀಡಿ ಸಿಗರೇಟು ಹೊಗೆಗೂ ಇದಕ್ಕೂ ಸಂಬಂಧ ಕಂಡಿದೆ. ಆದರೆ ‘ನೀನ್ಯಾಕೆ ಬೀಡಿ ಸೇದಿದೆ’ ಅಂತ ಗಂಡನನ್ನು ಕೇಳಿದ ಸಂಬಂಧಿಕರನ್ನು ನಾನಿನ್ನೂ ಕಂಡಿಲ್ಲ.

ಹಾವೇರಿಯವರಿಗೆ: ಮಗುವಿನ ತಲೆ ಎತ್ತರದಲ್ಲಿಟ್ಟು, ಕೂರಿಸಿದಂತೆ ಹಿಡಿದು ಹಾಲು ಕುಡಿಸಿ. ಅಂಗುಳ ತೆರೆದಿರುವುದರಿಂದ ಎದೆ ಚೀಪಿ ಕುಡಿಯಲು ಕಷ್ಟ. ನಿಮ್ಮ ಹಾಲನ್ನೇ ಹಿಂಡಿ ಚಮಚೆ ಅಥವಾ ಒಳಲೆಯಲ್ಲಿ ಹಾಕಬಹುದು. ವಾರವಾರ ತೂಕ ನೋಡಿಸಿ. ತುಟಿಯ ಆಪರೇಷನ್ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ, ಅಂಗುಳದ್ದು ಒಂದು ವರ್ಷದ ಆಸುಪಾಸು. ಕಿವಿ ಪರೀಕ್ಷೆ ಮರೆಯಬೇಡಿ, ಈ ಮಕ್ಕಳಿಗೆ ಕಿವಿಯೊಳಗೆ ನೀರು ಕಟ್ಟುವುದು ಜಾಸ್ತಿ. ಖರ್ಚಿನ ಚಿಂತೆ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿಯೂ ಸೇರಿದೆ. ಆಸ್ಪತ್ರೆಗೆ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಕ್ಯಾಲೆಂಡರ್ ಲೆಕ್ಕವನ್ನು ಅಲ್ಲಿನ ಡಾಕ್ಟರೇ ಅವರಿಗೆ ಹೇಳಲಿ.