ಡ್ರಮ್ ಮೇಜರ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಪದ ‘ಡ್ರಮ್ ಮೇಜರ್’. ಅಮೆರಿಕದ ಹೈಸ್ಕೂಲು ಮತ್ತು ಯೂನಿವರ್ಸಿಟಿಗಳ ಮಾರ್ಚಿಂಗ್ ಬ್ಯಾಂಡಿನಲ್ಲಿ ವಿದ್ಯಾರ್ಥಿಗಳೇ ವಹಿಸುವ ಒಂದು ಹೊಣೆ ಇದು. ನಮ್ಮ ಊರಿನ ಕನ್ನಡ ಸಂಘದ ಯುಗಾದಿ ಸಂಚಿಕೆಗೆ ಇಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಲೇಖನ ಬರೆದುಕೊಟ್ಟಿದ್ದಾಳೆ. ಹೈಸ್ಕೂಲಿನಲ್ಲೂ ಆಮೇಲೆ ಯೂನಿವರ್ಸಿಟಿಯಲ್ಲೂ ಅವಳು ಡ್ರಮ್ ಮೇಜರ್ ಆಗಿದ್ದಳು. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ದಾವಣಗೆರೆಯಲ್ಲಿರುವ ಅಜ್ಜಿ ಓದಬೇಕು ಅನ್ನುವುದು ಅವಳ ಆಸೆ. ಹಾಗಾಗಿ ಅಜ್ಜಿಗೆ ತಿಳಿಯುವ ಮಾತೇ ಆಗಬೇಕು.

ಮೊದಲಿಗೆ, ಹೆಸರನ್ನು ಬಿಡಿಸಿ ನೋಡಿದರೆ ದಾರಿ ತಪ್ಪುತ್ತದೆ. ಡ್ರಮ್ ಮೇಜರ್ ಡ್ರಮ್ ಬಾರಿಸುವುದಿಲ್ಲ. ಸೈನ್ಯದ ಮೇಜರ್ ಕೂಡ ಅಲ್ಲ. ಬ್ರಿಟಿಷ್ ಸೈನ್ಯದಲ್ಲಿ ಈ ಹೆಸರು ಹುಟ್ಟಿದಾಗ ಅದಕ್ಕೆ ಅರ್ಥವಿತ್ತು. ಆಗ ಯುದ್ಧಭೂಮಿಯಲ್ಲಿ ಮಾತು ಕೇಳಿಸುತ್ತಿರಲಿಲ್ಲ, ಡ್ರಮ್ ಕೇಳಿಸುತ್ತಿತ್ತು. ಏಳುವುದಕ್ಕೆ, ಸಾಲುಗೂಡುವುದಕ್ಕೆ, ಮುನ್ನುಗ್ಗುವುದಕ್ಕೆ, ಹಿಂದೆ ಸರಿಯುವುದಕ್ಕೆ ಒಂದೊಂದು ಬಡಿತ. ಆ ಬಡಿತ ಕಲಿಸುವವನು, ಬಾರಿಸುವ ಹುಡುಗರನ್ನು ಹದ್ದಿನಲ್ಲಿಡುವವನು ಡ್ರಮ್ ಮೇಜರ್. ಸೈನಿಕರಿಗೆ ಛಡಿ ಏಟಿನ ಶಿಕ್ಷೆ ಕೊಡುವ ಕೆಲಸವೂ ಡ್ರಮ್ಮಿನವರದೇ ಆಗಿತ್ತು, ಅದರ ಉಸ್ತುವಾರಿ ಇವನದು. 1881ರಲ್ಲಿ ಆ ಶಿಕ್ಷೆ ರದ್ದಾಯಿತು. ಉಳಿದದ್ದು ಬ್ಯಾಂಡಿನ ಮುಂದೆ ದೊಡ್ಡ ಕೋಲು ಹಿಡಿದು ನಡೆಯುವ ಗತ್ತು. ದಿಲ್ಲಿಯ ವಿಜಯ ಚೌಕದಲ್ಲಿ ಪ್ರತಿ ಜನವರಿ 29ಕ್ಕೆ ನಡೆಯುವ ಬೀಟಿಂಗ್ ರಿಟ್ರೀಟನ್ನು ಟಿವಿಯಲ್ಲಿ ನೋಡಿದವರಿಗೆ ಈ ಮನುಷ್ಯ ಗೊತ್ತೇ ಇರುತ್ತಾನೆ. ಎದೆಗೆ ಅಡ್ಡಪಟ್ಟಿ, ಕೈಯಲ್ಲಿ ಹೊಳೆಯುವ ತಲೆಯ ಕೋಲು.

ಈ ಕೋಲು ನೋಡಿದ ಒಬ್ಬರು ‘ಚೋಪದಾರ’ ಆಗಬಹುದಲ್ವಾ ಎಂದರು. ಅರಮನೆಗಳಲ್ಲಿ ಬೆಳ್ಳಿ ಕೋಲು ಹಿಡಿದು ದೊರೆಯ ಮುಂದೆ ನಡೆಯುತ್ತಿದ್ದವನು ಚೋಪದಾರ. ನೋಟಕ್ಕೆ ಹತ್ತಿರದ ಪದ, ನಿಜ. ಆದರೆ ಚೋಪದಾರನ ಕೋಲಿಗೆ ಸಂಗೀತದ ಸಂಬಂಧ ಇಲ್ಲ. ಅವನು ದೊರೆ ಬರುತ್ತಿದ್ದಾನೆ ಅಂತ ತಿಳಿಸುತ್ತಾನೆ, ಅಷ್ಟೇ. ಜೊತೆಗೆ, ಅಮೆರಿಕದ ಹೈಸ್ಕೂಲಿನ ಡ್ರಮ್ ಮೇಜರ್ ಕೈಯಲ್ಲಿ ಈಗ ಸಾಮಾನ್ಯವಾಗಿ ಕೋಲೇ ಇರುವುದಿಲ್ಲ.

ಹಾಗಾದರೆ ಅವಳು ಮಾಡುವುದೇನು? ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪದ ಹುಟ್ಟಬೇಕಾದದ್ದು ಈ ಕೆಲಸದಿಂದಲೇ.

ಶುಕ್ರವಾರ ರಾತ್ರಿ ಹೈಸ್ಕೂಲು ಫುಟ್‌ಬಾಲ್ ಪಂದ್ಯ ನಡೆಯುತ್ತದೆ. ಕಾಲ್ಚೆಂಡಲ್ಲ, ಮೊಟ್ಟೆ ಆಕಾರದ ಚೆಂಡಿನ ಅಮೆರಿಕನ್ ಆಟ. ಅರ್ಧ ಆಟ ಮುಗಿದ ಮೇಲೆ ಬ್ಯಾಂಡಿನವರು ಮೈದಾನಕ್ಕೆ ಇಳಿಯುತ್ತಾರೆ. ವಾದ್ಯ ನುಡಿಸುತ್ತಲೇ ನಡೆಯುತ್ತಾರೆ. ಸಾಲು ವೃತ್ತವಾಗುತ್ತದೆ, ವೃತ್ತ ಬಿಚ್ಚಿ ಇನ್ನೊಂದು ಆಕಾರವಾಗುತ್ತದೆ. ಐದು ಗಜಕ್ಕೆ ಎಂಟು ಹೆಜ್ಜೆ ಅನ್ನುವುದು ಅವರ ಸಾಮಾನ್ಯ ಲೆಕ್ಕ. ಅಂದರೆ ಒಂದು ಹೆಜ್ಜೆಗೆ ಇಪ್ಪತ್ತೆರಡೂವರೆ ಅಂಗುಲ. ಎಲ್ಲರದೂ ಅಷ್ಟೇ, ಉದ್ದ ಕಾಲಿನವರದೂ ಗಿಡ್ಡ ಕಾಲಿನವರದೂ. ಮೈದಾನದ ಅಂಚಿನಲ್ಲಿ, ನಡು ಗೆರೆಗೆ ನೇರವಾಗಿ, ಒಂದು ಎತ್ತರದ ಕಬ್ಬಿಣದ ನಿಲುಗಟ್ಟೆ. ಹೊಲ ಕಾಯುವವರು ಹಾಕಿಕೊಳ್ಳುವ ಅಟ್ಟಣೆಯ ಹಾಗೆ ಏಣಿ ಹತ್ತಿ ಮೇಲೆ ನಿಲ್ಲಬೇಕು. ಅಲ್ಲಿ ನಿಂತು ಎರಡೂ ಕೈಗಳಿಂದ ತಾಳ ತೋರಿಸುವವಳು ಡ್ರಮ್ ಮೇಜರ್.

ಕೈ ಏಕೆ ಬೇಕು, ಡ್ರಮ್ ಕೇಳಿಸುತ್ತದಲ್ವಾ ಅಂತ ನಾನೂ ಕೇಳಿದೆ. ಇಲ್ಲಿ ಒಂದು ಚೆಂದದ ಲೆಕ್ಕ ಇದೆ. ಗೋಲ್ ಗೆರೆಯಿಂದ ಗೋಲ್ ಗೆರೆಗೆ ಮೈದಾನದ ಉದ್ದ 100 ಗಜ, ಅಂದರೆ ಸುಮಾರು 91 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಆ ತುದಿಯ ಸದ್ದು ಈ ತುದಿಗೆ ಬರಲು ಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ನಿಮಿಷಕ್ಕೆ 160 ಬಡಿತದ ಹಾಡಾದರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ಸೆಕೆಂಡು ಕೂಡ ಇಲ್ಲ. ಕಿವಿಯನ್ನು ನಂಬಿ ನುಡಿಸಿದರೆ ಆ ತುದಿಯವರು ಅರ್ಧ ಬಡಿತಕ್ಕಿಂತ ಹೆಚ್ಚು ಹಿಂದೆ ಬೀಳುತ್ತಾರೆ. ಪ್ರೇಕ್ಷಕರಿಗೆ ಕೇಳಿಸುವುದು ಬರೀ ಗದ್ದಲ. ಬೆಳಕಿಗೆ ಆ ತಡ ಇಲ್ಲ. ಅದಕ್ಕೇ ಕಣ್ಣು ಕೈಯ ಮೇಲೆ.

ಇನ್ನೂ ಒಂದು ವಿಷಯ ನನಗೆ ಬಹಳ ಇಷ್ಟವಾಯಿತು. ಡ್ರಮ್ ಮೇಜರ್ ಆ ಲಯವನ್ನು ಎಲ್ಲಿಂದ ತೆಗೆದುಕೊಳ್ಳುತ್ತಾಳೆ? ತಾಳವಾದ್ಯದ ಸಾಲಿನಲ್ಲಿ ನಡುವೆ ನಿಂತ ಸೈಡ್ ಡ್ರಮ್ಮಿನ ಹುಡುಗನ ಕಾಲಿನಿಂದ. ಅವನ ಡ್ರಮ್ಮಿನ ಸದ್ದಿಗೆ ಕೈ ಆಡಿಸಿದರೆ ತಡವಾಗುತ್ತದೆ, ಆದ್ದರಿಂದ ಅವನ ಪಾದ ನೆಲಕ್ಕೆ ತಾಗುವುದನ್ನು ನೋಡಿ ಕೈ ಇಳಿಸುತ್ತಾಳೆ. ಎಲ್ಲರೂ ಅವಳ ಕೈ ನೋಡುತ್ತಾರೆ, ಅವಳು ಇನ್ನೊಬ್ಬನ ಕಾಲು ನೋಡುತ್ತಾಳೆ. ಡ್ರಮ್ಮಿಗೂ ಈ ಹುದ್ದೆಗೂ ಇವತ್ತು ಉಳಿದಿರುವ ಗಟ್ಟಿ ನಂಟು ಇದೇ ಅಂತ ನನಗನಿಸುತ್ತದೆ.

ಈಗ ಪದಕ್ಕೆ ಬರೋಣ. ಇಂಗ್ಲಿಷಿನಲ್ಲಿ ಅವಳು ಮಾಡುವುದನ್ನು ಕಂಡಕ್ಟ್ ಮಾಡುವುದು ಎನ್ನುತ್ತಾರೆ. ಕನ್ನಡದಲ್ಲಿ ಕಂಡಕ್ಟರ್ ಅಂದರೆ ಟಿಕೆಟ್ ಕೊಡುವವರು, ಬೇರೆ ಮಾತೇ ಇಲ್ಲ. ‘ತಾಳ ಹಾಕುವವಳು’ ಅಂತ ಬರೆದೆ, ಆಮೇಲೆ ಹೊಡೆದು ಹಾಕಿದೆ. ಕಛೇರಿಯಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುವವರು ಹಾಡನ್ನು ಹಿಂಬಾಲಿಸುತ್ತಾರೆ, ನಡೆಸುವುದಿಲ್ಲ. ಆಡುಮಾತಿನಲ್ಲಂತೂ ಅರ್ಥ ಪೂರಾ ತಿರುಗಿಬಿಡುತ್ತದೆ. ‘ಅವರು ಹೇಳಿದ್ದಕ್ಕೆಲ್ಲ ಇವನು ತಾಳ ಹಾಕ್ತಾನೆ’ ಅನ್ನುವುದು ಹೊಗಳಿಕೆ ಅಲ್ಲವಲ್ಲ. ಸದ್ಯಕ್ಕೆ ‘ತಾಳ ತೋರಿಸು’ ಅಂತ ಇಟ್ಟುಕೊಂಡಿದ್ದೇನೆ. ತೋರಿಸುವುದು ಕಣ್ಣಿಗೆ, ಹಾಗಾಗಿ ಕೆಲಸಕ್ಕೂ ಹೊಂದುತ್ತದೆ.

ಕರಾವಳಿಯ ಸ್ನೇಹಿತರೊಬ್ಬರು ‘ಭಾಗವತ’ ಅನ್ನಿ ಎಂದು ಒತ್ತಾಯ ಮಾಡಿದರು. ಯಕ್ಷಗಾನದಲ್ಲಿ ಭಾಗವತರೇ ಮೊದಲ ವೇಷ ಅನ್ನುವ ಮಾತಿದೆ. ವೇಷ ಹಾಕದೆ, ಕುಣಿಯದೆ, ಇಡೀ ಆಟವನ್ನು ನಡೆಸುವವರು ಅವರು. ಯಾವಾಗ ಏರಿಸಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದು ಅವರ ಕೈಯಲ್ಲಿ. ಹೊಣೆಯ ದೃಷ್ಟಿಯಿಂದ ಇದಕ್ಕಿಂತ ಹತ್ತಿರದ ಪದ ನನಗೆ ಕಾಣಿಸಿಲ್ಲ. ಆದರೆ ಭಾಗವತರು ಹಾಡುತ್ತಾರೆ. ಹಾಡೇ ಅವರ ಅಧಿಕಾರ. ಡ್ರಮ್ ಮೇಜರ್ ನಿಲುಗಟ್ಟೆ ಹತ್ತಿದ ಮೇಲೆ ಒಂದು ಸ್ವರವನ್ನೂ ನುಡಿಸುವುದಿಲ್ಲ. ಅದೂ ಅಲ್ಲದೆ, ದಾವಣಗೆರೆಯ ಅಜ್ಜಿಗೆ ಭಾಗವತ ಅಂದರೆ ಮೊದಲು ಪುರಾಣವೇ ನೆನಪಾಗುತ್ತದೆ. ಪದ ಬಿಟ್ಟುಕೊಡಲು ಮನಸ್ಸಿಲ್ಲ, ಆದರೂ ಇಲ್ಲಿ ಒಗ್ಗುವುದಿಲ್ಲ.

ಯೂನಿವರ್ಸಿಟಿಗೆ ಬಂದರೆ ಚಿತ್ರ ಬದಲಾಗುತ್ತದೆ, ಅನುವಾದಕ್ಕೆ ಅಲ್ಲೇ ಕಷ್ಟ. ಓಹಾಯೊ ಸ್ಟೇಟ್ ಯೂನಿವರ್ಸಿಟಿಯ ಬ್ಯಾಂಡನ್ನು ತೆಗೆದುಕೊಳ್ಳಿ. ಅಲ್ಲಿ ಡ್ರಮ್ ಮೇಜರ್ ಉದ್ದ ತುರಾಯಿಯ ಟೋಪಿ ಹಾಕಿಕೊಂಡು ಬ್ಯಾಂಡಿನ ನಡುವಿನಿಂದ ಮುಂದಕ್ಕೆ ಬರುತ್ತಾನೆ. ನಿಂತು ಹಿಂದಕ್ಕೆ ಬಾಗುತ್ತಾನೆ, ತುರಾಯಿ ಹುಲ್ಲಿಗೆ ತಾಗುವಷ್ಟು. ಕ್ರೀಡಾಂಗಣ ಪೂರ್ತಿ ಕೂಗುತ್ತದೆ. 1936ರಿಂದ ಆ ಬ್ಯಾಂಡು ಮೈದಾನದಲ್ಲಿ ಕೂಡಿಸಿ ಬರೆದ ಅಕ್ಷರಗಳಲ್ಲಿ ‘ಓಹಾಯೊ’ ಅಂತ ಬರೆಯುತ್ತಾ ಬಂದಿದೆ. ಒಂದೇ ಸಾಲಾಗಿ ನಡೆಯುವ ವಾದ್ಯಗಾರರೇ ಶಾಯಿ, ಸಾಲಿನ ಮುಂದಿರುವವನು ಡ್ರಮ್ ಮೇಜರ್. ಕೊನೆಗೆ ಸೂಸಾಫೋನ್ (ಮೈಗೆ ಸುತ್ತಿಕೊಂಡು ಊದುವ ದೊಡ್ಡ ವಾದ್ಯ) ನುಡಿಸುವ ಒಬ್ಬರನ್ನು ಕರೆದುಕೊಂಡು ಹೋಗಿ ‘ಐ’ ಅಕ್ಷರದ ಚುಕ್ಕಿಯ ಜಾಗದಲ್ಲಿ ನಿಲ್ಲಿಸುತ್ತಾನೆ. ಫ್ಲಾರಿಡಾ ಎ ಅಂಡ್ ಎಂ ಯೂನಿವರ್ಸಿಟಿಯಂಥ ಕರಿಯರ ವಿದ್ಯಾಸಂಸ್ಥೆಗಳ ಬ್ಯಾಂಡುಗಳಲ್ಲಿ ಇನ್ನೊಂದು ಶೈಲಿ. ಮಂಡಿ ಎತ್ತರಕ್ಕೆತ್ತಿ ಹೆಜ್ಜೆ, ಜೊತೆಗೆ ಕುಣಿತ. ಅಲ್ಲಿ ಒಬ್ಬರಲ್ಲ, ಹಲವು ಡ್ರಮ್ ಮೇಜರ್‌ಗಳು ಒಟ್ಟಿಗೆ ಹೊರಡುತ್ತಾರೆ. 1989ರಲ್ಲಿ ಫ್ರಾನ್ಸಿನ ಕ್ರಾಂತಿಗೆ 200 ವರ್ಷ ತುಂಬಿದಾಗ ಪ್ಯಾರಿಸ್ಸಿನ ಮೆರವಣಿಗೆಯಲ್ಲಿ ಫ್ಲಾರಿಡಾ ಎ ಅಂಡ್ ಎಂ ಬ್ಯಾಂಡು ನಡೆದಿತ್ತು.

ಅಂದರೆ ಹೈಸ್ಕೂಲಿನಲ್ಲಿ ಬೆನ್ನು ಪ್ರೇಕ್ಷಕರಿಗೆ, ಮುಖ ಬ್ಯಾಂಡಿಗೆ. ಯೂನಿವರ್ಸಿಟಿಯ ಆ ಪ್ರವೇಶದಲ್ಲಿ ಮುಖ ಪ್ರೇಕ್ಷಕರಿಗೆ. ಒಂದು ಕಡೆ ತಾಳ ತೋರಿಸುವುದು, ಇನ್ನೊಂದು ಕಡೆ ಮೆರೆಯುವುದು. ‘ಮೆರೆ’ ಅನ್ನುವ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಬರೆ, ಬರವಣಿಗೆ. ಬೆಳೆ, ಬೆಳವಣಿಗೆ. ಹಾಗೆಯೇ ಮೆರೆ, ಮೆರವಣಿಗೆ. ನಮ್ಮ ಮೆರವಣಿಗೆಯ ಒಳಗೇ ಆ ಹೊಳಪು, ಆ ಠೀವಿ ಕೂತಿದೆ. ಸ್ವಲ್ಪ ಜಂಬವೂ ಇದೆ.

ಹೆಣ್ಣು ಗಂಡಿನ ವಿಷಯ ಕೂಡ ಹೇಳಿಬಿಡುತ್ತೇನೆ. ‘ಡ್ರಮ್ ಮೇಜರೆಟ್’ ಅಂತ ಇನ್ನೊಂದು ಪದ ಇದೆ. ಇದನ್ನು ಸುಮ್ನೆ ‘ಹುಡುಗಿ ಡ್ರಮ್ ಮೇಜರ್’ ಅಂದುಕೊಂಡು ಬಳಸಬೇಡಿ. ಬ್ಯಾಂಡಿನ ಜೊತೆ ಕೋಲು ತಿರುಗಿಸುತ್ತಾ ಹೆಜ್ಜೆ ಹಾಕುವ ಹುಡುಗಿಯರಿಗೆ ಸಾಮಾನ್ಯವಾಗಿ ಆ ಹೆಸರು. ಬ್ಯಾಂಡನ್ನು ನಡೆಸುವವಳು ಹುಡುಗಿಯಾದರೂ ಡ್ರಮ್ ಮೇಜರೇ. ಓಹಾಯೊ ಸ್ಟೇಟ್ ಬ್ಯಾಂಡಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದೇ 1973ರಲ್ಲಿ. ಅಷ್ಟು ಹೋರಾಡಿ ಬಂದವರಿಗೆ ಪಕ್ಕದ ಹೆಸರು ಅಂಟಿಸುವುದು ತಪ್ಪು. ಹಾಗಾಗಿ ‘ನಾಯಕ’, ‘ಧಾರಿ’, ‘ಗಾರ’ ಅಂತ ಗಂಡಸಿನ ಕಡೆ ವಾಲುವ ಪದಗಳನ್ನೂ ನಾನು ದೂರ ಇಟ್ಟಿದ್ದೇನೆ.

ಇನ್ನು ನಿಜವಾದ ತೊಡಕು. ಹುಡುಗಿ ತನ್ನ ಲೇಖನದ ಕೊನೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ನೆನೆದಿದ್ದಾಳೆ. 1968ರ ಫೆಬ್ರವರಿ 4ರಂದು ಅಟ್ಲಾಂಟಾದ ಎಬೆನೇಜರ್ ಚರ್ಚಿನಲ್ಲಿ ಅವರು ‘ಡ್ರಮ್ ಮೇಜರ್ ಇನ್‌ಸ್ಟಿಂಕ್ಟ್’ ಅನ್ನುವ ಪ್ರವಚನ ಕೊಟ್ಟರು. ಸರಿಯಾಗಿ ಎರಡು ತಿಂಗಳಿಗೆ ಅವರ ಕೊಲೆಯಾಯಿತು. ಅಂತ್ಯಕ್ರಿಯೆಯಲ್ಲಿ ಆ ಪ್ರವಚನದ ಧ್ವನಿಮುದ್ರಿಕೆಯನ್ನೇ ಕೇಳಿಸಿದರು.

ಅಲ್ಲಿ ಡ್ರಮ್ ಮೇಜರ್ ಅಂದರೆ ಮೊದಲು ಒಂದು ದೌರ್ಬಲ್ಯ. ಎಲ್ಲರಿಗಿಂತ ಮುಂದೆ ಇರಬೇಕು, ಮೆರವಣಿಗೆಯನ್ನು ನಾನೇ ನಡೆಸಬೇಕು ಅನ್ನುವ ಆಸೆ. ಯಾಕೋಬ ಮತ್ತು ಯೋಹಾನ ಯೇಸುವಿನ ಬಲಗಡೆ ಎಡಗಡೆ ಕೂರಲು ಜಾಗ ಕೇಳಿದ ಕತೆಯಿಂದ ಕಿಂಗ್ ಶುರು ಮಾಡುತ್ತಾರೆ. ಆಮೇಲೆ ಆ ಆಸೆಯನ್ನು ತಿರುಗಿಸುತ್ತಾರೆ. ಮುಂದೆ ಇರಬೇಕೇ, ಇರಿ, ಪ್ರೀತಿಯಲ್ಲಿ ಮುಂದಿರಿ, ಸೇವೆಯಲ್ಲಿ ಮುಂದಿರಿ. ನನ್ನನ್ನು ಡ್ರಮ್ ಮೇಜರ್ ಅನ್ನಬೇಕೆಂದಿದ್ದರೆ ನ್ಯಾಯದ ಡ್ರಮ್ ಮೇಜರ್ ಅನ್ನಿ, ಶಾಂತಿಯ ಡ್ರಮ್ ಮೇಜರ್ ಅನ್ನಿ ಎಂಬರ್ಥದ ಮಾತು ಕೊನೆಯಲ್ಲಿ ಬರುತ್ತದೆ.

ಆ ‘ಅನ್ನಬೇಕೆಂದಿದ್ದರೆ’ ಬಹಳ ಮುಖ್ಯ. 2011ರಲ್ಲಿ ವಾಷಿಂಗ್ಟನ್ನಿನಲ್ಲಿ ಕಿಂಗ್ ಸ್ಮಾರಕ ತೆರೆದಾಗ ಕಲ್ಲಿನ ಮೇಲೆ ಆ ಮಾತನ್ನು ಕತ್ತರಿಸಿ, ‘ನಾನು ಡ್ರಮ್ ಮೇಜರ್ ಆಗಿದ್ದೆ’ ಅನ್ನುವ ಧಾಟಿಯಲ್ಲಿ ಕೆತ್ತಿದ್ದರು. ಇದು ಕಿಂಗ್ ಅವರನ್ನು ಅಹಂಕಾರಿಯಾಗಿ ತೋರಿಸುತ್ತದೆ ಎಂದು ಕವಿ ಮಾಯಾ ಏಂಜೆಲೋ ಸಿಟ್ಟಾದರು. 2013ರಲ್ಲಿ ಆ ಸಾಲನ್ನು ಕಲ್ಲಿನಿಂದ ತೆಗೆದರು. ಅನುವಾದ ಮಾಡುವ ನಮ್ಮಂಥವರು ಈ ಘಟನೆಯನ್ನು ಮರೆಯಬಾರದು.

ಕಿಂಗ್ ಅವರ ಮಾತಿಗೆ ನನಗೆ ಹೊಳೆದದ್ದು ‘ಮುಂದಾಳು’. ಹಳೆಯ ಪದ, ಎಲ್ಲರಿಗೂ ಗೊತ್ತು, ಹೆಣ್ಣಿಗೂ ಸರಿ ಗಂಡಿಗೂ ಸರಿ. ಮುಂದೆ ಇರುವವರು ಅನ್ನುವುದರ ಜೊತೆಗೆ ಅದರೊಳಗೆ ‘ಆಳು’ ಇದ್ದಾನೆ. ಆಳು ಅಂದರೆ ದುಡಿಯುವವನು, ಸೇವೆ ಮಾಡುವವನು. ಮೊದಲನೆಯವನಾಗಬೇಕಾದರೆ ಎಲ್ಲರ ಆಳಾಗಬೇಕು ಅನ್ನುವುದೇ ಯೇಸು ಆ ಶಿಷ್ಯರಿಗೆ ಕೊಟ್ಟ ಉತ್ತರ, ಕಿಂಗ್ ಹೇಳಿದ್ದೂ ಅದೇ. ಆದ್ದರಿಂದ ಮೊದಲ ಅರ್ಥಕ್ಕೆ ‘ಮೆರೆಯುವ ಆಸೆ’, ಕೊನೆಯ ಅರ್ಥಕ್ಕೆ ‘ನ್ಯಾಯದ ಮೆರವಣಿಗೆಯ ಮುಂದಾಳು’ ಅಂತ ಬರೆದಿದ್ದೇನೆ. ಹುದ್ದೆಯ ಹೆಸರು ಬಂದಲ್ಲೆಲ್ಲ ‘ಡ್ರಮ್ ಮೇಜರ್’ ಹಾಗೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಹೆಡ್ ಮಾಸ್ಟರನ್ನು ನಾವು ಹೆಡ್ ಮಾಸ್ಟರ್ ಅಂತಲೇ ಕರೆಯುತ್ತೇವಲ್ಲ.

ಆದರೆ ಮಾರ್ಚಿಂಗ್ ಬ್ಯಾಂಡಿಗೆ ‘ನಡೆಮೇಳ’ ಅನ್ನಬಹುದೇ? ಮೇಳ ಅಂದರೆ ವಾದ್ಯದವರ ಗುಂಪು. ನಡೆ ಅಂದರೆ ನಡಿಗೆ. ಮೃದಂಗದವರು ತಿಶ್ರ ನಡೆ, ಚತುರಶ್ರ ನಡೆ ಅನ್ನುವಾಗ ಅದೇ ಪದ ಲಯಕ್ಕೂ ಬರುತ್ತದೆ. ಇಷ್ಟವಾಗದಿದ್ದರೆ ಏಕೆ ಅಂತ ತಿಳಿಸಿ.

ಕೊನೆಯದಾಗಿ ಕೂಗುಗಳ ವಿಷಯ. ಲೇಖನದಲ್ಲಿ ‘ಮಾರ್ಕ್ ಟೈಮ್’ ಪದೇ ಪದೇ ಬರುತ್ತದೆ. ನಿಂತಲ್ಲೇ ಹೆಜ್ಜೆ ಹಾಕುವುದು. ನಮ್ಮ ಶಾಲೆಗಳಲ್ಲಿ ಸಾವಧಾನ್, ವಿಶ್ರಾಮ್ ಕಲಿತವರಿಗೆ, ಎನ್‌ಸಿಸಿಯಲ್ಲಿದ್ದವರಿಗೆ ‘ಕದಮ್ ತಾಲ್’ ನೆನಪಿರುತ್ತದೆ. ಹಿಂದಿಯದಾದರೂ ಅದರಲ್ಲಿ ತಾಳ ಇದೆ, ಕಿವಿಗೆ ಪರಿಚಯವೂ ಇದೆ. ಅದನ್ನೇ ಇಡಲೇ, ‘ನಿಂತ ಹೆಜ್ಜೆ’ ಅನ್ನಲೇ? ವಾದ್ಯಗಳನ್ನು ಬಾಯಿಗೆ ಎತ್ತಿ ಅನ್ನುವ ‘ಹಾರ್ನ್ಸ್ ಅಪ್’ಗೆ ಎರಡೇ ಪದದ, ಕೂಗಲು ಬರುವಂಥ ಕನ್ನಡ ಬೇಕು. ‘ವಾದ್ಯ ಮೇಲೆ’ ಅಂತ ಬರೆದು ಗಟ್ಟಿಯಾಗಿ ಕೂಗಿ ನೋಡಿದೆ, ಜೋರು ಸಾಲದು.

ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿ ಕೆಲಸ ಮಾಡಿದವರು, ಇಲ್ಲವೇ ಅವರ ಮನೆಯವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಜಂಬೂ ಸವಾರಿಯಲ್ಲಿ ಬ್ಯಾಂಡಿನ ಮುಂದೆ ಕೋಲು ಹಿಡಿದು ಹೋಗುವವರನ್ನು ಬ್ಯಾಂಡಿನವರು ತಮ್ಮ ತಮ್ಮಲ್ಲಿ ಏನೆಂದು ಕರೆಯುತ್ತಾರೆ? ಕೋಲಿಗೆ ಏನನ್ನುತ್ತಾರೆ? ಬಳಕೆಯಲ್ಲಿರುವ ಪದ ಸಿಕ್ಕರೆ ನಾನು ಕಟ್ಟಿದ್ದನ್ನೆಲ್ಲ ಸಂತೋಷದಿಂದ ಬಿಡುತ್ತೇನೆ. ಸಂಚಿಕೆ ಅಚ್ಚಿಗೆ ಹೋಗುವುದು ಫೆಬ್ರವರಿ ಕೊನೆಗೆ.