ಪದಚರ್ಚೆ: ‘ನಿಧಾನ’ ಒಂದೇ ಸಾಲುತ್ತಿಲ್ಲ, ಲೇಟೆನ್ಸಿ, ಥ್ರೂಪುಟ್‌ಗಳಿಗೆ ಏನೆನ್ನೋಣ?

ಪ್ರಶ್ನೆ (ಶಿರಸಿ):

ಅಡಕೆ ಧಾರಣೆ ತೋರಿಸುವ ವೆಬ್ ತಂತ್ರಾಂಶವೊಂದಕ್ಕೆ ಕನ್ನಡದಲ್ಲಿ ದೂರಿನ ನಮೂನೆ ತಯಾರಾಗುತ್ತಿದೆ. ತಂತ್ರಾಂಶ ಬರೆದಿರುವ ಪಿಎಚ್‌ಪಿ ಭಾಷೆಯ ಆವೃತ್ತಿ 7.4ರಿಂದ 8.2ಕ್ಕೆ ಹೋದ ಮೇಲೆ ಬರುವ ದೂರುಗಳಲ್ಲೆಲ್ಲ ‘ನಿಧಾನ ಆಗಿದೆ’ ಎಂಬ ಒಂದೇ ಮಾತು. ರಾಶಿ, ಚಾಲಿ, ಬೆಟ್ಟೆಯ ದರ ಪ್ರಕಟವಾದ ಕೂಡಲೇ ಎಲ್ಲರೂ ಒಟ್ಟಿಗೆ ಪುಟ ತೆರೆದಾಗ ಕಾಯಬೇಕಾಗುವುದೂ ‘ನಿಧಾನ’, ಸರ್ವರ್ ಮರುಚಾಲನೆಯಾದ ಮೇಲೆ ಮೊದಲ ಪುಟ ತಡವಾಗುವುದೂ ‘ನಿಧಾನ’. ಲೇಟೆನ್ಸಿ (ಒಂದು ಕೋರಿಕೆಗೆ ಉತ್ತರ ಬರಲು ಹಿಡಿಯುವ ಹೊತ್ತು), ಥ್ರೂಪುಟ್ (ಇಷ್ಟು ಹೊತ್ತಿನಲ್ಲಿ ಎಷ್ಟು ಕೋರಿಕೆ ಮುಗಿಯುತ್ತವೆ ಎಂಬ ಲೆಕ್ಕ), ಪ್ರೊಫೈಲಿಂಗ್ (ಹೊತ್ತು ಎಲ್ಲೆಲ್ಲಿ ಹೋಯಿತೆಂದು ಬಿಡಿಸಿ ಅಳೆಯುವುದು) ಇವಕ್ಕೆ ಕಚೇರಿಯವರಿಗೂ ತಿಳಿಯುವ ಪದ ಬೇಕು. ಲೇಟೆನ್ಸಿಗೆ ‘ಸುಪ್ತತೆ’ ನಡೆದೀತೇ?

ಉತ್ತರ (ಕಾರವಾರ):

‘ಸುಪ್ತತೆ’ ಬೇಡ ಮಾರಾಯರೆ. ಅದು ಒಳಗೆ ಅಡಗಿರುವುದನ್ನು ಹೇಳುತ್ತದೆ, ಗಡಿಯಾರ ಹಿಡಿದು ಅಳೆಯುವುದನ್ನಲ್ಲ. ಲೇಟೆನ್ಸಿಗೆ ಒಂದೇ ಪದ ಹುಡುಕುವ ಬದಲು ಅದನ್ನು ಎರಡಾಗಿ ಒಡೆಯಿರಿ: ಕೋರಿಕೆ ತನ್ನ ಪಾಳಿಗೆ ಕಾಯುವ ‘ಸರದಿ ಹೊತ್ತು’, ಪಿಎಚ್‌ಪಿ ಅದನ್ನು ನಿರ್ವಹಿಸುವ ‘ಕೆಲಸದ ಹೊತ್ತು’. ದೋಷ ಹುಡುಕುವವನಿಗೆ ಮೊದಲು ಬೇಕಾದದ್ದು ಈ ಭೇದವೇ.

ಎರಡನ್ನೂ ಬೇರೆ ಬೇರೆಯಾಗಿ ಅಳೆಯಬಹುದು. ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ನ ಲಾಗ್‌ನಲ್ಲಿ ‘ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್’ ಬರೆಸಿ, ಅದರಲ್ಲಿ ಸರದಿಯೂ ಸೇರಿರುತ್ತದೆ. ಕೋರಿಕೆಗಳನ್ನು ಪಿಎಚ್‌ಪಿ ವರ್ಕರ್‌ಗಳಿಗೆ (ಕೆಲಸ ಮಾಡುವ ಪ್ರಕ್ರಿಯೆಗಳಿಗೆ) ಹಂಚುವ ಪಿಎಚ್‌ಪಿ-ಎಫ್‌ಪಿಎಂನ ಆಕ್ಸೆಸ್ ಲಾಗ್‌ನಲ್ಲಿ ಶೇಕಡಾ ಚಿಹ್ನೆಯ ನಂತರ ಸಣ್ಣ ‘ಡಿ’ (%d) ಹಾಕಿದರೆ ಕೆಲಸದ ಹೊತ್ತು ಮಾತ್ರ ಸಿಗುತ್ತದೆ. ಮೊದಲನೆಯದು 3.2 ಸೆಕೆಂಡ್, ಎರಡನೆಯದು 0.2 ಸೆಕೆಂಡ್ ಇದ್ದರೆ ಕೋಡ್ ತಿದ್ದುತ್ತ ಕೂತು ಪ್ರಯೋಜನವಿಲ್ಲ. 3 ಸೆಕೆಂಡ್ ಹೋದದ್ದು ಸರದಿಯಲ್ಲಿ.

ಭಾಷೆಯ ಆವೃತ್ತಿ ಬದಲಾದಾಗ ಸರದಿ ಬೆಳೆಯುವುದಕ್ಕೆ ಸಾಮಾನ್ಯ ಕಾರಣ ಹೊಸ ಪಿಎಚ್‌ಪಿ ಅಲ್ಲ, ಹೊಸ ಕಾನ್ಫಿಗ್ (ಸೆಟ್ಟಿಂಗ್‌ಗಳ) ಕಡತ. ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ 8.2ಕ್ಕೆ ತನ್ನದೇ ಪಿಎಚ್‌ಪಿ ಡಾಟ್ ಐಎನ್‌ಐ, ತನ್ನದೇ ಪೂಲ್ ಕಡತ (ವರ್ಕರ್‌ಗಳ ಸೆಟ್ಟಿಂಗ್ ಇರುವುದು). 7.4ರಲ್ಲಿ ತಿದ್ದಿಟ್ಟದ್ದು ತಾನಾಗಿ ಈ ಕಡೆ ಬರುವುದಿಲ್ಲ. ‘ಮ್ಯಾಕ್ಸ್ ಚಿಲ್ಡ್ರನ್’ (ಒಟ್ಟಿಗೆ ಇರಬಹುದಾದ ವರ್ಕರ್‌ಗಳ ಮಿತಿ) ಮತ್ತೆ 5ಕ್ಕೆ ನಿಂತಿರುತ್ತದೆ, ಆರನೆಯ ಕೋರಿಕೆ ಕಾಯಬೇಕು. ಹಾಗಾದಾಗ ಎಫ್‌ಪಿಎಂ ಲಾಗ್‌ನಲ್ಲೇ ಮಿತಿ ಮುಟ್ಟಿದ ಎಚ್ಚರಿಕೆ ಬಂದಿರುತ್ತದೆ. ಏರಿಸುವ ಮೊದಲು ಮೆಮೊರಿ ಲೆಕ್ಕ ಹಾಕಿ: ಒಂದು ವರ್ಕರ್ 60 ಎಂಬಿ ಹಿಡಿದರೆ 20ಕ್ಕೆ 1,200 ಎಂಬಿ. ಡೇಟಾಬೇಸಿನ ಪಾಲು ತೆಗೆದಿಟ್ಟ ಮೇಲೂ ಅಷ್ಟು ಉಳಿಯಬೇಕು, ಇಲ್ಲವಾದರೆ ಸ್ವಾಪ್‌ಗೆ (ಮೆಮೊರಿ ಸಾಲದೆ ಡಿಸ್ಕ್ ಬಳಸುವ ಸ್ಥಿತಿಗೆ) ಬಿದ್ದು ಇನ್ನೂ ಕೆಡುತ್ತದೆ.

ಕೆಲಸದ ಹೊತ್ತೇ ಹೆಚ್ಚಿದ್ದರೆ ದಾರಿ ಬೇರೆ. ಓಪಿಕ್ಯಾಶ್ (ಕಂಪೈಲ್ ಆದ ಕೋಡನ್ನು ಇಟ್ಟುಕೊಳ್ಳುವ ಕ್ಯಾಶ್) ಮೆಮೊರಿ ಮೂಲ ಮೌಲ್ಯ 128 ಎಂಬಿಗೆ ಮರಳಿದೆಯೇ, ಎಪಿಸಿಯು (ತಂತ್ರಾಂಶದ ದತ್ತಾಂಶ ಇಟ್ಟುಕೊಳ್ಳುವ ಕ್ಯಾಶ್) 8.2ಕ್ಕೆ ಪ್ರತ್ಯೇಕವಾಗಿ ಹಾಕಲಾಗಿದೆಯೇ, ದೋಷ ಹುಡುಕುವ ಸಾಧನ ಎಕ್ಸ್‌ಡೀಬಗ್‌ನ ಮೋಡ್ ‘ಆಫ್’ ಇದೆಯೇ ನೋಡಿ. ಓಪಿಕ್ಯಾಶ್ ಸ್ಥಿತಿಯನ್ನು ವೆಬ್ ಪುಟದ ಮೂಲಕವೇ ಕೇಳಬೇಕು. ಕಮಾಂಡ್ ಲೈನಿನಲ್ಲಿ ಕೇಳಿದರೆ ಉತ್ತರ ಬರುವುದು ಬೇರೆ ಪ್ರಕ್ರಿಯೆಯ ಬಗ್ಗೆ. 8.2ರಲ್ಲಿ ಡೈನಾಮಿಕ್ ಪ್ರಾಪರ್ಟಿ (ಕ್ಲಾಸಿನಲ್ಲಿ ಮೊದಲೇ ಘೋಷಿಸದ ಪ್ರಾಪರ್ಟಿ) ಸೃಷ್ಟಿಸುವುದು ಡಿಪ್ರಿಕೇಟೆಡ್, ಅಂದರೆ ನಡೆಯುತ್ತದೆ, ಆದರೆ ಬಿಡಿ ಎಂಬ ಎಚ್ಚರಿಕೆ ಬರುತ್ತದೆ. ಹಳೆಯ ಕೋಡ್ ಇದ್ದರೆ ಪ್ರತಿ ಕೋರಿಕೆಗೂ ಲಾಗ್‌ಗೆ ಸಾಲುಗಟ್ಟಲೆ ಎಚ್ಚರಿಕೆ ಬೀಳುತ್ತಿರಬಹುದು, ಅದಕ್ಕೂ ಹೊತ್ತು ಹಿಡಿಯುತ್ತದೆ.

ಥ್ರೂಪುಟ್‌ಗೆ ‘ವಿಲೇವಾರಿ’ ಎನ್ನಿ. ಕಡತ ವಿಲೇವಾರಿ ಗೊತ್ತಿರುವ ಯಾವ ಗುಮಾಸ್ತರಿಗೂ ‘ಸೆಕೆಂಡಿಗೆ 40 ಕೋರಿಕೆ ವಿಲೇವಾರಿ’ ಎಂದರೆ ಮತ್ತೆ ವಿವರಿಸಬೇಕಿಲ್ಲ. ಪ್ರೊಫೈಲಿಂಗ್‌ಗೆ ‘ಬಾಬ್ತುವಾರು ಹೊತ್ತು’ ನನಗೆ ತುಂಬ ಹಿಡಿಸಿದ ಪದ: ಡೇಟಾಬೇಸ್ ಬಾಬ್ತು ಇಷ್ಟು, ಟೆಂಪ್ಲೇಟ್ ಬಾಬ್ತು ಇಷ್ಟು. ಸಂಘದ ಜಮಾಖರ್ಚು ಬರೆಯುವವರ ಮಾತೇ ಇದು. ಬಾಟಲ್‌ನೆಕ್‌ಗೆ ‘ಇಕ್ಕಟ್ಟು’ ಸಾಕು. ದೇವಿಮನೆ ಘಟ್ಟದ ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಿಂದಿನ ಬಸ್ಸು ಎಷ್ಟು ಹೊಸದಾದರೂ ನಿಲ್ಲಲೇಬೇಕಲ್ಲ. ಕ್ಯಾಶ್, ಲಾಗ್, ಸರ್ವರ್ ಹಾಗೇ ಇರಲಿ, ಅವು ಈಗಾಗಲೇ ಕನ್ನಡದವೇ.

ಮರುಚಾಲನೆಯ ನಂತರದ ಮೊದಲ ಪುಟದ್ದನ್ನು ‘ಮೊದಲ ತಡ’ ಎಂದು ಬೇರೆಯಾಗಿಯೇ ಬರೆಸಿ. ಆಗ ಓಪಿಕ್ಯಾಶ್ ಖಾಲಿ ಇರುತ್ತದೆ, ಪ್ರತಿ ಕಡತವೂ ಹೊಸದಾಗಿ ಕಂಪೈಲ್ ಆಗಬೇಕು. ಈ ಅಂಕಿಯನ್ನು ಹಳೆಯ ಆವೃತ್ತಿಯ ತುಂಬಿದ ಕ್ಯಾಶಿನ ಅಂಕಿಯೊಂದಿಗೆ ಹೋಲಿಸಿದರೆ ತಪ್ಪು ನಿರ್ಧಾರಕ್ಕೆ ಬರುತ್ತೀರಿ. ಸರಾಸರಿಯನ್ನೂ ನೆಚ್ಚಬೇಡಿ. ‘100 ಕೋರಿಕೆಗಳಲ್ಲಿ 95 ಎಷ್ಟು ಹೊತ್ತಿನೊಳಗೆ ಮುಗಿದವು’ ಎಂದೇ ನಮೂನೆಯಲ್ಲಿ ಕೇಳಿ, ಅದಕ್ಕೆ ಬೇರೆ ಪಾರಿಭಾಷಿಕ ಪದವೇ ಬೇಡ.